ಮಂದೆಯ ನಡಿಗೆಗೆ ತಕ್ಕಂತೆ

ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಬಹುಕಾಲದ ಅಗಲಿಕೆಯ ಬಳಿಕ ಏಸಾವನೂ ಯಕೋಬನೂ ಭೇಟಿಯಾಗುತ್ತಾರೆ. ಒಟ್ಟಿಗೆ ಹೊರಡೋಣವೆಂದು ಅಣ್ಣ ಕರೆದಾಗ ತಮ್ಮನು ವಿನಯದಿಂದ ಒಪ್ಪದೆ ಹೋಗುತ್ತಾನೆ. ತನ್ನ ಸಂಗಡ ಎಳೆಯ ಮಕ್ಕಳೂ ಮರಿಗಳಿಗೆ ಹಾಲೂಡುವ ಕುರಿದನಗಳೂ ಇವೆ. ಒಂದು ದಿನ ಅವಸರದಿಂದ ಅಟ್ಟಿದರೂ ಮಂದೆ ಬದುಕಿ ಉಳಿಯದು. ಆದುದರಿಂದ ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುವೆನೆಂಬುದು ಅವನ ಮಾತಿನ ಸಾರ.

ನಾವು ಸುಲಭವಾಗಿ ದಾಟಿಹೋಗುವ ಈ ಮಾತು ಕೆಲವರಿಗೆ ದಿನನಿತ್ಯದ ನಿಯಮ. ಸಂಕ್ಷೇಪವಾಗಿ ಎಂ.ಇ. ಎನ್ನಲಾಗುವ ದೀರ್ಘಕಾಲದ ಆಯಾಸರೋಗದಿಂದ ಬಳಲುವವರು ಅವರು. ನಿದ್ರೆಯಿಂದ ನೀಗದ ಬಳಲಿಕೆ ಇದರದು. ಶಕ್ತಿಮೀರಿ ದುಡಿದರೆ ಶರೀರವು ಆಗಲೇ ಅಲ್ಲ, ಅನೇಕ ವೇಳೆ ಮರುದಿನ ಕುಸಿಯುತ್ತದೆ. ಚೇತರಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗುತ್ತವೆ. 2020ರ ನಂತರ ಕೋವಿಡ್ ತಗುಲಿದವರಲ್ಲಿ ಕೆಲವರೂ ಇಂಥದೇ ಬಳಲಿಕೆಗೆ ಒಳಗಾಗಿದ್ದಾರೆ.

ಈ ರೋಗದ ಅರಿವಿನ ದಿನವಾಗಿ ಮೇ 12ನ್ನು ಆಚರಿಸುತ್ತಾರೆ. ಅದು 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ ದಿನ. ದೀಪ ಹಿಡಿದು ಗಾಯಾಳುಗಳನ್ನು ಸಂದರ್ಶಿಸಿದ ಆ ಮಹಿಳೆಯನ್ನು ನಾವೆಲ್ಲರೂ ಬಲ್ಲೆವು. ಆಕೆಯ ಹಾಸಿಗೆಯ ವರ್ಷಗಳನ್ನು ಬಲ್ಲವರು ವಿರಳ. 1855ರಲ್ಲಿ ಕ್ರಿಮಿಯಾದಲ್ಲಿ ಆಕೆ ತೀವ್ರ ಜ್ವರಕ್ಕೆ ತುತ್ತಾದರು. 1857ರಲ್ಲಿ, ಸೈನ್ಯದ ಆರೋಗ್ಯದ ವಿಚಾರಣೆಗಾಗಿ ಹಗಲಿರುಳು ದುಡಿದು ಕುಸಿದರು. ಅನಂತರದ ದೀರ್ಘಕಾಲ ಹಾಸಿಗೆಯೂ ಸೋಫಾವೂ ಆಕೆಯ ಕಚೇರಿಯಾದವು. ಅದು ಬ್ರುಸೆಲ್ಲಾ ಎಂಬ ರೋಗಾಣುವಿನ ಸೋಂಕಾಗಿದ್ದಿರಬೇಕೆಂದು 1995ರಲ್ಲಿ ಒಬ್ಬ ಸಂಶೋಧಕರು ವಾದಿಸಿದರು.

ಆಕೆ ತಮ್ಮ ದಿನಗಳ ಸುತ್ತ ಬೇಲಿ ಹಾಕಿಕೊಂಡರು. ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು, ಒಂದು ಸಲಕ್ಕೆ ಒಬ್ಬರನ್ನೇ ಕಾಣುತ್ತಿದ್ದರು. ಉಳಿದುದನ್ನು ಪತ್ರಗಳಲ್ಲಿ ಮುಗಿಸುತ್ತಿದ್ದರು. ಬಂಧುಗಳಿಗೂ ಬಾಗಿಲು ಸದಾ ತೆರೆದಿರಲಿಲ್ಲ. ಆ ಕೋಣೆಯಿಂದಲೇ 1860ರ ದಾದಿಯರ ಶಾಲೆಗೆ ರೂಪುಕೊಟ್ಟರು. ಭಾರತಕ್ಕೆ ಎಂದೂ ಕಾಲಿಡದ ಆಕೆ, ಇಲ್ಲಿಯ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ತೋರಿಸಿದ 1863ರ ವರದಿಗಾಗಿ ಶ್ರಮಿಸಿದರು. ಹತ್ತು ವರ್ಷಗಳ ತರುವಾಯ ಆ ಸಂಖ್ಯೆ 18ಕ್ಕೆ ಇಳಿದಿರುವುದನ್ನು ಆಕೆಯೇ ದಾಖಲಿಸಿದರು. ಬೇಲಿ ಹಾಕಿದ್ದು ಸೋಮಾರಿತನದಿಂದಲ್ಲ, ಫಲಕ್ಕಾಗಿ.

ಎಂ.ಇ. ರೋಗದ ಇತಿಹಾಸ ಇನ್ನೂ ಕಹಿಯಾದುದು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ 292 ಮಂದಿ ಸಿಬ್ಬಂದಿ ವಿಚಿತ್ರ ಕಾಯಿಲೆಗೆ ಒಳಗಾದರು. ಜುಲೈ ಕೊನೆಯಲ್ಲಿ ಮುಚ್ಚಿದ ಆಸ್ಪತ್ರೆ ಅಕ್ಟೋಬರ್‌ನಲ್ಲಷ್ಟೇ ತೆರೆಯಿತು. ಅಲ್ಲಿಯ ಸಾಂಕ್ರಾಮಿಕ ರೋಗಗಳ ತಜ್ಞ ಡಾ. ಮೆಲ್ವಿನ್ ರಾಮ್ಸೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಪ ಶ್ರಮಕ್ಕೂ ಸ್ನಾಯುಗಳು ಸೋತು, ಮತ್ತೆ ಬಲ ಪಡೆಯಲು ದಿನಗಳನ್ನೇ ತೆಗೆದುಕೊಳ್ಳುವುದನ್ನು ಕಂಡು, ಆರಂಭದಲ್ಲೇ ವಿಶ್ರಾಂತಿ ಅಗತ್ಯವೆಂದರು. ಆದರೆ 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ಓದಿ, ಅದೊಂದು ಸಾಮೂಹಿಕ ಉನ್ಮಾದವೆಂದು ಬರೆದರು. ರೋಗಿಗಳನ್ನು ಅವರು ಪರೀಕ್ಷಿಸಿರಲಿಲ್ಲ! ಆ ಬರಹದ ನೆರಳು ದಶಕಗಳ ಕಾಲ ಉಳಿಯಿತು.

2007ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅದರಿಂದ ತಮ್ಮ ಸ್ಥಿತಿ ಕೆಟ್ಟಿತೆಂದು ಅನೇಕ ರೋಗಿಗಳು ಹೇಳುತ್ತಲೇ ಬಂದರು. 2015ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಇದು ಶರೀರವನ್ನು ಕಾಡುವ ನಿಜವಾದ, ಗಂಭೀರ ರೋಗವೆಂದು ಸಾರಿತು. 2021ರಲ್ಲಿ ನೈಸ್ ಸಂಸ್ಥೆಯೇ ಆ ವ್ಯಾಯಾಮ ಚಿಕಿತ್ಸೆಯನ್ನು ಈ ರೋಗಿಗಳಿಗೆ ನೀಡಬಾರದೆಂದು ತಿದ್ದಿಕೊಂಡು, ಅವರವರ ಶಕ್ತಿಯ ಮಿತಿಯೊಳಗೆ ನಡೆಯಲು ನೆರವಾಗಬೇಕೆಂದಿತು. ರೋಗಿಯ ಮಾತನ್ನು ನಂಬಲು ಎಷ್ಟು ಕಾಲ ಹಿಡಿಯಿತು, ನೋಡಿರಿ.

ಆ ಮಿತಿಯೊಳಗೆ ನಡೆಯುವುದು ಹೇಗೆ? ದಣಿದ ಮೇಲಲ್ಲ, ದಣಿಯುವ ಮುನ್ನವೇ ವಿಶ್ರಮಿಸುವುದು. ಕೆಲಸವನ್ನು ತುಂಡುತುಂಡಾಗಿ ಮಾಡುವುದು. ತರಕಾರಿಯನ್ನು ಕುಳಿತೇ ಹೆಚ್ಚುವುದು. ಎಲ್ಲಕ್ಕಿಂತ ಕಷ್ಟದ್ದು, ಹುಮ್ಮಸ್ಸಿರುವ ದಿನ ಬಾಕಿ ಕೆಲಸಗಳನ್ನೆಲ್ಲ ಮುಗಿಸಿಬಿಡುವ ಆಸೆಯನ್ನು ತಡೆಯುವುದು. ಓದುವುದೂ ಮಾತನಾಡುವುದೂ ಶಕ್ತಿಯನ್ನು ವ್ಯಯಿಸುತ್ತವೆ. ಎಲ್ಲ ಆಯಾಸವೂ ಈ ರೋಗವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಕ್ಷಯ ಮೊದಲಾದವೂ ಬಳಲಿಸುತ್ತವೆ. ಆದುದರಿಂದ ವೈದ್ಯರ ಪರೀಕ್ಷೆ ಮೊದಲು ಆಗಬೇಕು.

ಓದುಗರೇ, ಕಳೆದ ಭಾನುವಾರ ಬಲಿಪೂಜೆಗೆ ಬಂದು ನಗುನಗುತ್ತಾ ಮಾತನಾಡಿದ ಸಹೋದರಿ ಈ ವಾರ ಕಾಣದಿದ್ದರೆ ನಾವು ಏನೆನ್ನುತ್ತೇವೆ? "ಮೊನ್ನೆ ಚೆನ್ನಾಗಿಯೇ ಇದ್ದಳಲ್ಲ" ಎನ್ನುತ್ತೇವೆ. ಆ ಒಂದು ಗಂಟೆಗಾಗಿ ಆಕೆ ತೆತ್ತ ಮೂರು ದಿನಗಳನ್ನು ನಾವು ನೋಡಿರುವುದಿಲ್ಲ. ಆಕೆಯ ಮನೆಗೆ ಹೋಗುವುದಾದರೆ ಮೊದಲೇ ಕೇಳಿ ಹೋಗೋಣ, ಬೇಗನೆ ಏಳೋಣ, ಒಂದು ಹೊತ್ತಿನ ಊಟ ಕೊಂಡೊಯ್ಯೋಣ. ಮನೆಯವರೇ ಆಗಿದ್ದರೆ ಯಕೋಬನಂತೆ ನಮ್ಮ ನಡಿಗೆಯನ್ನೇ ನಿಧಾನಗೊಳಿಸೋಣ.

ಮುಂದೆ ಅದೇ ಯಕೋಬನ ಹೆಸರಿನ ಬಾವಿಯ ಬಳಿ, ಪ್ರಯಾಣದಿಂದ ದಣಿದ ಪ್ರಭು ಯೇಸು ನಡುಹಗಲಿನಲ್ಲಿ ಕುಳಿತುಕೊಂಡರು. ದಣಿವನ್ನು ಅವರು ಮರೆಮಾಚಲಿಲ್ಲ; ಕುಳಿತಲ್ಲಿಯೇ ಸಮಾರಿಯದ ಸ್ತ್ರೀಯೊಡನೆ ಮಾತನಾಡಿದರು. ಕುಳಿತವರ ದಿನವೂ ದೇವರ ದೃಷ್ಟಿಯಲ್ಲಿ ವ್ಯರ್ಥವಲ್ಲ.