ಲಗ್ಗೆರೆಯ ಅಂಗಳದಲ್ಲೊಂದು ಸೇನಾ ಲಾರಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿಯಲ್ಲಿ ಕೇಳುತ್ತಿದ್ದಾರೆ: "ಸಾರ್, ನಿಮ್ಮ ಬೀದಿಯಲ್ಲಿ ಮಿಲಿಟರಿ ಲಾರಿ ನಿಂತಿದೆಯಂತೆ, ನಿಜವೇ?" ನಿಜ. ಅದು ನಿಂತಿರುವುದು ನನ್ನ ಮನೆಯ ಅಂಗಳದಲ್ಲಲ್ಲ, ಎದುರುಮನೆಯ ಹವಾಲ್ದಾರರ ಅಂಗಳದಲ್ಲಿ. ಆದರೆ ಅದರ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಪಾಠ ಮಾಡಿದವನು ಮಾಡಬಾರದ ತಪ್ಪು. ಅದನ್ನು ಒಪ್ಪಿಕೊಳ್ಳುವ ಸಲುವಾಗಿಯೇ ಈ ಬರಹ.

ಮೊದಲು ಹಿನ್ನೆಲೆ ಹೇಳುತ್ತೇನೆ. ಸೇನೆಯ ವಾಹನಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಭಾರತದ ದಕ್ಷಿಣ ಸೇನೆಯ ಕೇಂದ್ರ ಕಚೇರಿ ಇದ್ದುದು ಇಲ್ಲಿಯೇ. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನೆಯ ವಿಮಾನ ದುರಸ್ತಿ ಕೇಂದ್ರವಾಯಿತು. ಕೆಟ್ಟ ಬಂಡಿಗಳನ್ನೂ ಯಂತ್ರಗಳನ್ನೂ ಸರಿಪಡಿಸಲೆಂದು ಇ.ಎಂ.ಇ. ಎಂಬ ದಳವು ಭಾರತೀಯ ಸೇನೆಯಲ್ಲಿ ಹುಟ್ಟಿದ್ದು 1943ರ ಅಕ್ಟೋಬರ್ 15ರಂದು. ಹಲಸೂರಿನ 515ನೆಯ ಆರ್ಮಿ ಬೇಸ್ ವರ್ಕ್‌ಶಾಪ್ ಆ ದಳಕ್ಕೆ ಸೇರಿದ್ದು.

ಆ ಯುದ್ಧಕ್ಕಾಗಿ ಕೆನಡಾ ದೇಶವೊಂದೇ ಎಂಟು ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿತು. ಅವುಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದವು ಮೊಂಡು ಮೂಗಿನ ಫೋರ್ಡ್ ಮತ್ತು ಷೆವರ್ಲೆ ಟ್ರಕ್ಕುಗಳು. ಯುದ್ಧ ಮುಗಿದ ಮೇಲೆ ಉಳಿದ ವಾಹನಗಳನ್ನು ಸರ್ಕಾರ ಮಾರಿಬಿಟ್ಟಿತು. 'ಡಿಸ್ಪೋಜಲ್ ಗಾಡಿ' ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಹೀಗೆ. ಅವುಗಳ ಚಾಸಿಯ ಮೇಲೆ ಮರದ ಬಾಡಿ ಕಟ್ಟಿಸಿ ಬಸ್ಸು ಓಡಿಸಿದವರುಂಟು, ಮಲೆನಾಡಿನಲ್ಲಿ ದಿಮ್ಮಿ ಸಾಗಿಸಿದವರುಂಟು. ನನ್ನ ಬಾಲ್ಯದಲ್ಲಿ ಸಕಲೇಶಪುರದ ಕಡೆ ಅಂಥದೊಂದು ಲಾರಿ ಏರಿನಲ್ಲಿ ಏದುಸಿರು ಬಿಡುತ್ತ ಬರುವ ಸದ್ದು ಅರ್ಧ ಮೈಲಿ ದೂರದಿಂದಲೇ ಕೇಳಿಸುತ್ತಿತ್ತು. ಅದಕ್ಕೆ ನೀಲಿ ಬಣ್ಣ ಬಳಿದಿದ್ದರು. ಬಣ್ಣ ಕಿತ್ತಲ್ಲಿ ಒಳಗಿನ ಹಸಿರು ಇಣುಕುತ್ತಿತ್ತು.

ಸ್ವಾತಂತ್ರ್ಯಾನಂತರ ಹಳೆಯ ಬಂಡಿಗಳಿಂದಲೇ ಎಷ್ಟು ದಿನ ಕಾಲ ತಳ್ಳಲಾದೀತು? ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1959ರಲ್ಲಿ ಜಬಲ್‌ಪುರದಲ್ಲಿ 'ಶಕ್ತಿಮಾನ್' ಲಾರಿಯ ತಯಾರಿಕೆ ಆರಂಭವಾಯಿತು. ಜಪಾನಿನ ನಿಸ್ಸಾನ್ ವಿನ್ಯಾಸದ ಒಂದು ಟನ್ ಟ್ರಕ್ಕು ಮತ್ತು 'ಜೋಂಗಾ' ಕೂಡ ಅದೇ ಊರಿನಲ್ಲಿ ತಯಾರಾದವು. ಜೋಂಗಾ ಎಂಬುದು ಜಪಾನೀ ಪದವೆಂದು ನಾನು ಬಹುಕಾಲ ನಂಬಿದ್ದೆ. ಅದು ಜಬಲ್‌ಪುರದ ಆರ್ಡ್‌ನೆನ್ಸ್ ಮತ್ತು ಗನ್ ಕ್ಯಾರೇಜ್ ಕಾರ್ಖಾನೆಗಳ ಇಂಗ್ಲಿಷ್ ಹೆಸರುಗಳಿಂದ ಅಕ್ಷರಗಳನ್ನು ಆರಿಸಿ ಕಟ್ಟಿದ ಪದವೆಂದು ತಿಳಿಸಿದವರು ಹವಾಲ್ದಾರರು.

ಅವರು ಇ.ಎಂ.ಇ. ದಳದಲ್ಲಿ ಇಪ್ಪತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ತುಮಕೂರು ರಸ್ತೆಯ ಕಡೆ ಗುತ್ತಿಗೆದಾರರೊಬ್ಬರ ಶೆಡ್ಡಿನ ಹಿಂದೆ, ಸೇನೆಯ ಹರಾಜಿನಲ್ಲಿ ಕೊಂಡು ಬಳಸದೆ ಬಿಟ್ಟಿದ್ದ ನಿಸ್ಸಾನ್ ಒಂದು ಟನ್ ಟ್ರಕ್ಕು ಅವರ ಕಣ್ಣಿಗೆ ಬಿತ್ತು. ಗುಜರಿಯವರು ತೂಕಕ್ಕೆ ಬೆಲೆ ಕಟ್ಟಿಯಾಗಿತ್ತು. ಇವರು ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು, ಹರಾಜಿನ ಕಾಗದಗಳ ಸಮೇತ ಎಳೆಸಿಕೊಂಡು ಬಂದರು. ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಅದು ಹೇಗೋ ಹಿಡಿಸಿತು. ಶಕ್ತಿಮಾನ್ ಆಗಿದ್ದರೆ ಮನೆಯನ್ನೇ ಸರಿಸಬೇಕಾಗುತ್ತಿತ್ತು! ಅವರ ಮನೆಯವರು ಒಂದು ವಾರ ಮಾತು ಬಿಟ್ಟಿದ್ದರು.

ಹಳೆಯ ಬಂಡಿಯನ್ನು ಎಬ್ಬಿಸುವುದು ಅವಸರದ ಕೆಲಸವಲ್ಲ. ಸುಮಾರು ನಾಲ್ಕು ಲೀಟರ್ ಗಾತ್ರದ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ತುಕ್ಕಿನಿಂದ ಬಿಗಿದುಹೋಗಿತ್ತು. ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ ಉಂಗುರಗಳು ಮುರಿಯುತ್ತವೆ. ಆದ್ದರಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಎಣ್ಣೆ ಬಿಟ್ಟು, ಹನ್ನೆರಡು ದಿನ ಕಾದರು. ಹದಿಮೂರನೆಯ ದಿನ ಕೈಯಿಂದ ನಯವಾಗಿ ಹಿಂದೆಮುಂದೆ ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಮಿಸುಕಿತು. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕನ್ನು ಜಲ್ಲಿಚೂರು ಹಾಕಿ ಕುಲುಕಿ ತೆಗೆದರು. ವೈರುಗಳನ್ನು ಇಲಿಗಳು ತಿಂದಿದ್ದವು, ಎಲ್ಲವನ್ನೂ ಹೊಸದಾಗಿ ಎಳೆದರು.

ಬ್ರೇಕಿನ ಕೆಲಸದಲ್ಲಿ ನಮ್ಮ ಪೀಣ್ಯ ನೆರವಿಗೆ ಬಂತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಟ್ಟಲೆ ಹಾಗೇ ನಿಂತರೆ ಚಕ್ರದ ಸಿಲಿಂಡರಿನ ಒಳಮೈ ಗುಳಿಬೀಳುತ್ತದೆ, ರಬ್ಬರ್ ಎಷ್ಟು ಹೊಸದಾದರೂ ಸೋರುತ್ತದೆ. ಹೊಸ ಸಿಲಿಂಡರ್ ಸಿಗಲಿಲ್ಲ. ಪೀಣ್ಯದಲ್ಲಿ ಲೇತ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಹತ್ತನೆಯ ತರಗತಿಯಲ್ಲಿ ಇಸವಿಗಳನ್ನೆಲ್ಲ ಅದಲುಬದಲು ಮಾಡುತ್ತಿದ್ದವನು) ಅವುಗಳ ಒಳಮೈಯನ್ನು ಕೊರೆದು, ತೆಳುವಾದ ಹೊಸ ಕೊಳವೆ ಕೂಡಿಸಿಕೊಟ್ಟ. ಅಳತೆಯಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ರಬ್ಬರ್ ಕಪ್ಪುಗಳು ಜೆ.ಸಿ. ರಸ್ತೆಯಲ್ಲಿ ಅಳತೆ ಹೊಂದಿಸಿ ಸಿಕ್ಕವು.

ಇನ್ನು ನನ್ನ ತಪ್ಪಿನ ಕಥೆ. ಮುಂದಿನ ಬಂಪರಿನ ಕರಿಬಣ್ಣವನ್ನು ಮರಳುಕಾಗದದಿಂದ ಉಜ್ಜುತ್ತಿದ್ದಾಗ ಕೆಳಗಿನಿಂದ ಬಿಳಿಯ ಗುರುತೊಂದು ಮೂಡಿತು. ನಾನು ಭೂತಗನ್ನಡಿ ಹಿಡಿದು, ಶಾಸನ ಓದುವವನಂತೆ ನೆಲದ ಮೇಲೆ ಕುಳಿತೆ. ಮೇಲ್ಮುಖವಾದ ಬಾಣ, ಅದರ ಮುಂದೆ '71'. ಸೇನೆಯ ವಾಹನಗಳ ಸಂಖ್ಯೆಯಲ್ಲಿ ಬಾಣದ ನಂತರದ ಎರಡು ಅಂಕೆಗಳು ವಾಹನವನ್ನು ಪಡೆದ ವರ್ಷವನ್ನು ಸೂಚಿಸುತ್ತವೆ. ನನಗೆ ರೋಮಾಂಚನವಾಯಿತು. ಸುತ್ತ ನಿಂತಿದ್ದ ಹುಡುಗರಿಗೆ ಅಲ್ಲಿಯೇ ಪಾಠ ಆರಂಭಿಸಿದೆ: 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧ, ಢಾಕಾದ ಶರಣಾಗತಿ, ಬಾಂಗ್ಲಾದೇಶದ ಉದಯ. "ಮಕ್ಕಳೇ, ಈ ಲಾರಿ ಆ ಯುದ್ಧವನ್ನು ಕಂಡದ್ದು" ಎಂದುಬಿಟ್ಟೆ.

ಮಾತು ಬೀದಿಯೆಲ್ಲ ಹರಡಿತು. ಡಿಸೆಂಬರ್ 16ರ ವಿಜಯ ದಿವಸದಂದು ಲಾರಿಗೆ ಹೂವಿನ ಹಾರ ಹಾಕಿ, '1971ರ ಯುದ್ಧವೀರ' ಎಂಬ ಫಲಕ ತೂಗುಹಾಕಬೇಕೆಂದು ಯುವಕರು ಚಂದಾ ಎತ್ತಿದರು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಾಸನದ ಕಲ್ಲು ಸಿಕ್ಕ ಮಾತ್ರಕ್ಕೆ ಅದು ಆ ಊರಿನದೇ ಎನ್ನಲಾಗದು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆ!

ಮರುದಿನ ಹವಾಲ್ದಾರರಲ್ಲಿ ನನ್ನ ಅನುಮಾನವನ್ನು ತೋಡಿಕೊಂಡೆ. ಅವರು ಬೇಸರಪಡುವರೆಂಬ ಅಳುಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ವರ್ಕ್‌ಶಾಪಿನಲ್ಲಿ ಒಂದರ ಬಂಪರ್ ಇನ್ನೊಂದಕ್ಕೆ ಹಾಕುತ್ತಿದ್ದೆವು. ಕಾಗದ ನೋಡೋಣ" ಎಂದರು. ಹರಾಜಿನ ಪತ್ರದಲ್ಲಿ ಅದೇ ಸಂಖ್ಯೆ ಇತ್ತು. ಅಲ್ಲಿ ಬರೆದಿದ್ದ ಚಾಸಿ ಸಂಖ್ಯೆಯೂ ಹೊಂದಿತು. ಅಂದರೆ 71 ಎಂಬುದು ಈ ಲಾರಿಯದೇ. ಆದರೆ ಅದು ಸೇನೆಗೆ ಸೇರಿದ ವರ್ಷವೇ ಹೊರತು ಯುದ್ಧಕ್ಕೆ ಹೋದುದಕ್ಕೆ ಸಾಕ್ಷಿಯಲ್ಲ. ಯಾವ ತಿಂಗಳು ಸೇರಿತು, ಯಾವ ಗಡಿಯಲ್ಲಿತ್ತು ಎಂಬುದಕ್ಕೆ ನಮ್ಮ ಕೈಯಲ್ಲಿ ಚೂರು ಕಾಗದವೂ ಇರಲಿಲ್ಲ.

"ಹಾಗಾದರೆ ಬರೀ ರೇಷನ್ ಹೊತ್ತ ಗಾಡಿಯೋ ಏನೋ" ಎಂದು ಒಬ್ಬ ಹುಡುಗ ನಿರಾಶೆಯಿಂದ ಅಂದ. ಹವಾಲ್ದಾರರ ಮುಖ ಕೆಂಪಾಯಿತು. "ನಾನೂ ಯುದ್ಧದ ಮುಂಚೂಣಿ ನೋಡಿದವನಲ್ಲಪ್ಪ. ಇಪ್ಪತ್ತನಾಲ್ಕು ವರ್ಷ ಗ್ರೀಸು, ಸ್ಪಾನರು. ರೇಷನ್ ಗಾಡಿ ನಿಂತರೆ ಮುಂದಿದ್ದವನು ಉಪವಾಸ" ಎಂದರು. ಯಾರೂ ಮರುಮಾತಾಡಲಿಲ್ಲ. ನನ್ನ ಸುಳ್ಳು ಹೊಗಳಿಕೆ ಆ ಲಾರಿಯನ್ನು ಮಾತ್ರವಲ್ಲ, ಆತನ ಬದುಕನ್ನೂ ಚಿಕ್ಕದು ಮಾಡಿತ್ತೆಂದು ನನಗೆ ಆಗ ಹೊಳೆಯಿತು.

ಇನ್ನೊಂದು ತೊಡಕೂ ಎದುರಾಯಿತು. ಲಾರಿಗೆ ಮತ್ತೆ ಅದೇ ಆಲಿವ್ ಹಸಿರು ಬಳಿಯಬೇಕೆಂಬುದು ಹವಾಲ್ದಾರರ ಕನಸು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವ ವಾಹನಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಇನ್ನು 2021ರಲ್ಲಿ ಬಂದ ವಿಂಟೇಜ್ ನಿಯಮಗಳು ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಚಾಸಿ, ಬಾಡಿ, ಎಂಜಿನ್ ಬದಲಿಸಿರಬಾರದು, ಬಾಡಿಗೆಗೆ ಓಡಿಸಬಾರದು. ಒಂದು ನಿಯಮ 'ಮೂಲರೂಪ ಉಳಿಸು' ಎನ್ನುತ್ತದೆ, ಇನ್ನೊಂದು 'ಮೂಲಬಣ್ಣ ಬೇಡ' ಎನ್ನುತ್ತದೆ! ಕಾನೂನನ್ನು ಮೀರುವುದು ಸೇನೆಯಲ್ಲಿ ದುಡಿದವರಿಗೆ ಒಗ್ಗದು. ಕೊನೆಗೆ ನನ್ನ ಬಾಲ್ಯದ ಆ ಡಿಸ್ಪೋಜಲ್ ಲಾರಿಯ ನೀಲಿಯನ್ನು ನಾನು ಸೂಚಿಸಿದೆ. ಅವರು ಒಪ್ಪಿದರು. ಚಾಲಕನ ಬಾಗಿಲಿನ ಒಳಮೈಯಲ್ಲಿ ಮಾತ್ರ ಅಂಗೈಯಗಲ ಹಳೆಯ ಹಸಿರನ್ನು ಮುಟ್ಟದೆ ಬಿಟ್ಟಿದ್ದಾರೆ.

ಡಿಸೆಂಬರ್ 16ರಂದು ಎಂಜಿನ್ ಚಾಲೂ ಆಯಿತು. ಮೊದಲು ಕೆಮ್ಮಿತು, ನೀಲಿ ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಗುನುಗತೊಡಗಿತು. ನೋಂದಣಿ ಆಗುವವರೆಗೆ ರಸ್ತೆಗಿಳಿಸುವಂತಿಲ್ಲವಾದ್ದರಿಂದ ಅಂಗಳದಲ್ಲೇ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರು. ಆ ಹುಡುಗರ ಮುಂದೆಯೇ ನಿಂತು, "ಅಂದು ನಾನು ಹೇಳಿದ್ದು ಊಹೆ, ಅದನ್ನು ಸತ್ಯವೆಂಬಂತೆ ಹೇಳಿದ್ದು ನನ್ನ ತಪ್ಪು" ಎಂದೆ. ಫಲಕವನ್ನು ಹೊಸದಾಗಿ ಬರೆಸಿದ್ದೇವೆ: 'ನಿಸ್ಸಾನ್ ಒಂದು ಟನ್ ಟ್ರಕ್ಕು. ತಯಾರಿಕೆ ಜಬಲ್‌ಪುರ. ಸೇನೆಗೆ ಸೇರಿದ್ದು 1971. ದುರಸ್ತಿ ಲಗ್ಗೆರೆ.' ಅಷ್ಟೇ.

ಲಗ್ಗೆರೆಯ ಕಡೆ ಬಂದಾಗ ನೀವೂ ಬಂದು ನೋಡಿ. ಬಾಗಿಲು ತೆರೆದು ಆ ಅಂಗೈಯಗಲದ ಹಸಿರನ್ನು ತೋರಿಸಲು ಹವಾಲ್ದಾರರಿಗೆ ಬಹಳ ಖುಷಿ. ಕಾಫಿ ನಮ್ಮ ಮನೆಯಲ್ಲಿ.