ಎಂಜಿನ್ನಿನ ಪರಕಾಯ ಪ್ರವೇಶ

ಹಳೆಯ ಸ್ಪೋರ್ಟ್ಸ್ ಕಾರಿನಿಂದ ಅದರ ಹುಟ್ಟಿನ ಎಂಜಿನ್ನನ್ನು ಇಳಿಸಿ ಅದಕ್ಕಿಂತ ದೊಡ್ಡದೊಂದನ್ನು ಕೂರಿಸುವ ಪರಿಪಾಠ ಪಶ್ಚಿಮದಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಅದನ್ನು ಸಿರಿವಂತರ ಶೋಕಿಯೆಂದು ನಾವು ಪಕ್ಕಕ್ಕೆ ಸರಿಸಿಬಿಡುವುದು ಸುಲಭ. ಆದರೆ ಈ ಪರಕಾಯ ಪ್ರವೇಶದ ಕಥೆಯನ್ನು ಸ್ವಲ್ಪ ಹಿಂಬಾಲಿಸಿದರೆ ಅದು ನೇರವಾಗಿ ನಮ್ಮ ಕುರ್ಲಾ, ಕಲ್ಯಾಣಗಳ ಕಾರ್ಖಾನೆಗಳಿಗೂ, ಕಲ್ಕತ್ತೆ ಮದರಾಸುಗಳ ಕಾರುಗಳಿಗೂ ಬಂದು ಮುಟ್ಟುತ್ತದೆ. ಭಾರತದ ಮೋಟಾರು ಉದ್ಯಮದ ಒಂದು ದೊಡ್ಡ ಅಧ್ಯಾಯವೇ ಒಂದು ಒಡಲಿಗೆ ಮತ್ತೊಂದರ ಎಂಜಿನ್ನನ್ನು ಹೊಂದಿಸಿದ ಅಧ್ಯಾಯ. ಅದನ್ನು ಬರೆದಿಡುವ ಕೆಲಸ ಇನ್ನೂ ಸರಿಯಾಗಿ ಆಗಿಲ್ಲವೆಂಬುದು ನಮ್ಮ ಅನಿಸಿಕೆ.

ಮೊದಲು ಇಂಗ್ಲೆಂಡಿನ ಒಂದು ಉದಾಹರಣೆಯನ್ನು ನೋಡೋಣ. 1962ರಲ್ಲಿ ಬಂದ ಎಂಜಿಬಿ ಎಂಬ ಎರಡು ಆಸನಗಳ ಕಾರಿನಲ್ಲಿದ್ದುದು 1798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಬಲ ಸಾಲದೆಂದು ಕಂಪೆನಿಯವರೇ 1967ರಲ್ಲಿ ಅದೇ ಒಡಲಿಗೆ 2912 ಸಿಸಿಯ ಆರು ಸಿಲಿಂಡರಿನ ಎಂಜಿನ್ನನ್ನು ಕೂರಿಸಿ ಎಂಜಿಸಿ ಎಂದು ಮಾರಿದರು. ಅದು ಭಾರವಾದ ಎರಕದ ಕಬ್ಬಿಣದ ಎಂಜಿನ್. ಅದಕ್ಕೆ ಎಡೆಮಾಡಿಕೊಡಲು ಬಾನೆಟ್ಟಿನಲ್ಲಿ ಉಬ್ಬನ್ನು ಮಾಡಬೇಕಾಯಿತು, ಮುಂಭಾಗದ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು. ಕಾರಿನ ಮೂತಿ ಭಾರವಾಗಿ, ತಿರುವುಗಳಲ್ಲಿ ಅದು ಚಾಲಕನ ಮಾತು ಕೇಳುವುದಿಲ್ಲವೆಂಬ ದೂರು ಕೇಳಿಬಂದು, ಎರಡೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಇದರ ಬೆನ್ನಿಗೇ ಕೆನ್ ಕಾಸ್ಟೆಲೋ ಎಂಬ ಕುಶಲಕರ್ಮಿ ತನ್ನ ವರ್ಕ್‌ಷಾಪಿನಲ್ಲಿ ಅದೇ ಎಂಜಿಬಿಗೆ ರೋವರ್ ಕಂಪೆನಿಯ ಮೂರೂವರೆ ಲೀಟರಿನ ವಿ8 ಎಂಜಿನ್ನನ್ನು ಹೊಂದಿಸಿ ತೋರಿಸಿದ. ಅಮೆರಿಕದ ಬ್ಯೂಕ್ ಕಂಪೆನಿಯ ವಿನ್ಯಾಸದಿಂದ ಬಂದ ಈ ಎಂಜಿನ್ ಅಲ್ಯೂಮಿನಿಯಮ್ಮಿನದು. ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾದರೂ ತೂಕ ಹಳೆಯ ನಾಲ್ಕು ಸಿಲಿಂಡರಿನದಕ್ಕೆ ಬಲು ಸಮೀಪ. ಅವನನ್ನು ಅನುಸರಿಸಿ ಕಂಪೆನಿಯೂ 1973ರಿಂದ 1976ರವರೆಗೆ 2591 ವಿ8 ಕಾರುಗಳನ್ನು ತಯಾರಿಸಿತು.

ಈ ಜೋಡಿ ನಿದರ್ಶನದಲ್ಲಿ ವಿದ್ಯೆಯ ಸಾರವೆಲ್ಲ ಇದೆ. ಎಂಜಿನ್ ದೊಡ್ಡದಾದೊಡನೆ ಕಾರು ದೊಡ್ಡದಾಗುವುದಿಲ್ಲ. ಹೆಚ್ಚಿದ ತಿರುಗುಬಲವನ್ನು ಗೇರ್‌ಬಾಕ್ಸು ತಾಳಬೇಕು, ಹೆಚ್ಚಿದ ಬಿಸಿಯನ್ನು ರೇಡಿಯೇಟರು ಹೊರಹಾಕಬೇಕು, ಹೆಚ್ಚಿದ ವೇಗವನ್ನು ಬ್ರೇಕು ತಡೆಯಬೇಕು, ತೂಕವನ್ನು ಮುಂದಿನ ಸ್ಪ್ರಿಂಗುಗಳು ಹೊರಬೇಕು. ಒಡಲು ಮತ್ತು ಎಂಜಿನ್ನಿನ ನಡುವೆ ಒಂದು ಒಪ್ಪಂದವಿರುತ್ತದೆ. ಅದನ್ನು ಮುರಿದವನೇ ಹೊಸದೊಂದು ಒಪ್ಪಂದವನ್ನು ಬರೆದುಕೊಡಬೇಕು.

ಈಗ ಸ್ವದೇಶಕ್ಕೆ ಬರೋಣ. ಎಂಜಿಬಿಯ ಎಂಜಿನ್ ಹುಟ್ಟಿದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ವಂಶದಲ್ಲಿ. ಅದೇ ವಂಶದ 1489 ಸಿಸಿಯ ಎಂಜಿನ್ 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿತ್ತು. ನಮ್ಮ ಅಂಬಾಸಿಡರಿನಲ್ಲಿಯೂ ಇತ್ತು. ಸರ್ಕಾರಿ ಕಛೇರಿಗಳ ಮುಂದೆ ಬಿಳಿಯ ಪರದೆ ಕಟ್ಟಿಕೊಂಡು ನಿಲ್ಲುತ್ತಿದ್ದ ಆ ಕಾರು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೊಂದರ ದಾಯಾದಿಯೆಂಬುದನ್ನು ನಮ್ಮಲ್ಲಿ ನೆನೆದವರು ಕಡಿಮೆ. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪೆನಿಯ ವಿಕ್ಟರ್ ಕಾರಿನ ಅಗಲವಾದ, ಠೀವಿಯ ಒಡಲನ್ನು ತಂದು ಕಾಂಟೆಸ್ಸಾ ಎಂದು ಹೆಸರಿಟ್ಟಿತು. ತವರಿನಲ್ಲಿ ಆ ಒಡಲಿಗೆ 1.8 ಮತ್ತು 2.3 ಲೀಟರಿನ ಎಂಜಿನ್ನುಗಳಿದ್ದವು. ಇಲ್ಲಿ ಅದಕ್ಕೆ ದೊರೆತದ್ದು ಅಂಬಾಸಿಡರಿನ ಅದೇ 1489 ಸಿಸಿ, ಸುಮಾರು 50 ಅಶ್ವಶಕ್ತಿ. ನೋಟಕ್ಕೆ ಪಟ್ಟದ ಕುದುರೆ, ಓಟಕ್ಕೆ ಜಟಕಾ ಕುದುರೆ. ಆ ದಶಕದ ಉತ್ತರಾರ್ಧದಲ್ಲಿ ಜಪಾನಿನ ಇಸುಜು ಕಂಪೆನಿಯ 1817 ಸಿಸಿಯ ಎಂಜಿನ್ನೂ ಐದು ವೇಗಗಳ ಗೇರ್‌ಬಾಕ್ಸೂ ಬಂದು ಕೂತ ಮೇಲೆಯೇ ಕಾಂಟೆಸ್ಸಾ ತನ್ನ ಒಡಲಿಗೆ ತಕ್ಕಂತೆ ಓಡಿತು. ಇಂದು ಹಳೆಯ ಕಾರುಗಳ ಅಭಿಮಾನಿಗಳು ಮೆಚ್ಚಿಕೊಳ್ಳುವುದು ಈ ಎರಡನೆಯ ಜನ್ಮದ ಕಾಂಟೆಸ್ಸಾವನ್ನೇ.

ಮದರಾಸಿನ ಕಥೆ ಇನ್ನೂ ವಿಚಿತ್ರ. ಇಂಗ್ಲೆಂಡಿನಲ್ಲಿ ಎಂಜಿಬಿಯ ಒಳಹೊಕ್ಕ ಅದೇ ರೋವರ್ ವಿ8, 1976ರಲ್ಲಿ ರೋವರ್ ಎಸ್‌ಡಿ1 ಎಂಬ ಸುಂದರ ಕಾರಿಗೂ ಬಂತು. 1985ರಲ್ಲಿ ಆ ಕಾರಿನ ಒಡಲು ಸ್ಟ್ಯಾಂಡರ್ಡ್ 2000 ಎಂಬ ಹೆಸರಿನಲ್ಲಿ ಮದರಾಸಿನಿಂದ ಹೊರಬಂದಾಗ ವಿ8 ಮಾಯವಾಗಿ, ಯುದ್ಧೋತ್ತರ ಕಾಲದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡಿನ 1991 ಸಿಸಿಯ ಎಂಜಿನ್ ಆ ಜಾಗದಲ್ಲಿ ಕೂತಿತ್ತು. ಈ ವ್ಯಾನ್‌ಗಾರ್ಡ್ ಎಂಜಿನ್ನೇನೂ ಕುಲಹೀನವಲ್ಲ. 1950ರ ದಶಕದ ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರನ್ನು ಓಡಿಸಿದ್ದು ಅದರದೇ ಬಳಗ. ಹಗುರವಾದ ಎರಡು ಆಸನಗಳ ಕಾರಿಗೆ ಒಪ್ಪಿದ ಎಂಜಿನ್, ಮೂವತ್ತು ವರ್ಷಗಳ ಬಳಿಕ ಭಾರಿ ಗಾತ್ರದ ಕಾರಿಗೆ ಒಪ್ಪಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಕಾರಿನ ತಯಾರಿಕೆಯೇ ನಿಂತುಹೋಯಿತು.

ಹೀಗೇಕಾಯಿತು? ಉತ್ತರಕ್ಕಾಗಿ ನಾವು ಸ್ವಾತಂತ್ರ್ಯಪೂರ್ವಕ್ಕೆ ಹೋಗಬೇಕು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಈ ದೇಶದಲ್ಲಿಯೇ ಮೋಟಾರು ಕಾರುಗಳು ತಯಾರಾಗಬೇಕೆಂದು ಯೋಜನೆ ರೂಪಿಸಿ, ವಿದೇಶಗಳ ಕಾರ್ಖಾನೆಗಳನ್ನು ಕಂಡುಬಂದರು. ಉದ್ಯಮಿ ವಾಲಚಂದ್ ಹೀರಾಚಂದರು ಅವರೊಡನೆ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದರು ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದಲ್ಲಿ, ಇಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗವೆಂದು ಕರೆಯುವ, ಭಾಂಡುಪ್ ಮುಲುಂಡುಗಳನ್ನು ಹಾದು ನಮ್ಮ ಠಾಣೆಗೆ ಬರುವ ಹಳೆಯ ಆಗ್ರಾ ರಸ್ತೆಯಲ್ಲಿ ಅದರ ಕಾರ್ಖಾನೆ ಎದ್ದಿತು. ವಿಶ್ವೇಶ್ವರಯ್ಯನವರು ಬಯಸಿದ್ದು ಎಂಜಿನ್ನಿನಿಂದ ಮೊದಲ್ಗೊಂಡು ಸರ್ವವೂ ಇಲ್ಲಿಯೇ ತಯಾರಾಗುವ ಉದ್ಯಮವನ್ನು. ಮುಂದೆ ಬಂದ ಪರವಾನಗಿಯ ಬಿಗಿ, ವಿದೇಶಿ ವಿನಿಮಯದ ಕೊರತೆಗಳ ಕಾಲದಲ್ಲಿ ಕಂಪೆನಿಗಳು ಹೊರದೇಶದಲ್ಲಿ ಹಳತಾದ ಅಚ್ಚುಗಳನ್ನು ಕೊಂಡು, ಕೈಯಲ್ಲಿದ್ದ ಎಂಜಿನ್ನನ್ನು ಹೊಂದಿಸಿ ದಾರಿ ಕಂಡುಕೊಂಡವು. ಅಲ್ಲಿ ವೇಗದ ಆಸೆಯಿಂದ ನಡೆದ ಕಸಿ ಇಲ್ಲಿ ಕೊರತೆಯಿಂದ ನಡೆಯಿತು.

ಕುರ್ಲಾದ ಕಾರು ನಮ್ಮವರಿಗೆ ಮನೆಯ ಮಾತು. 1089 ಸಿಸಿಯ ಫಿಯೆಟ್ 1100, ಮುಂದೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಅಶ್ವಶಕ್ತಿ ನಲವತ್ತರ ಆಸುಪಾಸು. ಠಾಣೆ ಡೊಂಬಿವಲಿಗಳಿಂದ ರಜೆಗೆ ಊರಿಗೆ ಹೊರಟ ಕನ್ನಡ ಕುಟುಂಬಗಳು ಮಂಗಳೂರು ದಾರಿಯ ಕಶೇಡಿ ಘಾಟಿಯಲ್ಲಿ ಬಾನೆಟ್ ತೆರೆದು, ರೇಡಿಯೇಟರಿಗೆ ನೀರು ಹುಯ್ದು, ಅದು ತಣಿಯುವವರೆಗೆ ಅವಲಕ್ಕಿ ಚಕ್ಕುಲಿಗಳ ಡಬ್ಬ ಬಿಚ್ಚುತ್ತಿದ್ದುದು ಆ ಕಾಲದ ಸಾಮಾನ್ಯ ದೃಶ್ಯ. ದೊಡ್ಡ ಎಂಜಿನ್ನಿನ ಹಂಬಲ ನಮ್ಮ ಜನಕ್ಕೆ ಹುಟ್ಟಿದ್ದು ರೇಸಿನ ಅಂಕಣದಲ್ಲಿ ಅಲ್ಲ, ಘಾಟಿಯ ಏರಿನಲ್ಲಿ.

1985ರಲ್ಲಿ ಪ್ರೀಮಿಯರ್ ಕಂಪೆನಿ ಈ ಹಂಬಲಕ್ಕೆ ಉತ್ತರ ಕೊಟ್ಟಿತು. ಇಟಲಿಯ ಫಿಯೆಟ್ 124ರ ಒಡಲಿಗೆ ಜಪಾನಿನ ನಿಸಾನ್ ಕಂಪೆನಿಯ 1171 ಸಿಸಿಯ ಎಂಜಿನ್ನನ್ನೂ ಅದರದೇ ಗೇರ್‌ಬಾಕ್ಸನ್ನೂ ಕೂಡಿಸಿ 118ಎನ್‌ಇ ಎಂದು ಹೆಸರಿಟ್ಟಿತು. ಕೊನೆಯ ಎರಡು ಅಕ್ಷರಗಳು ನಿಸಾನ್ ಎಂಜಿನ್ ಎಂಬುದರ ಸಂಕ್ಷೇಪ. ಕಸಿಯನ್ನು ಮರೆಮಾಚದೆ ಹೆಸರಿನಲ್ಲಿಯೇ ಸಾರಿದ ಕಾರು ಇದು. 82 ಸಿಸಿಯ ಹೆಚ್ಚಳ ಲೆಕ್ಕಕ್ಕೆ ಅಲ್ಪ. ಆದರೂ ಪದ್ಮಿನಿಗೆ ಹೋಲಿಸಿದರೆ ಅದು ಹೊಸ ಕಾಲದ ಕಾರಾಗಿತ್ತು, ಏಕೆಂದರೆ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಮನೆಯಿಂದ ಜೊತೆಯಾಗಿ ಬಂದಿದ್ದವು. ಎಂಜಿಸಿಗೆ ದಕ್ಕದ ಸಮತೋಲ ಈ ಸಾಧಾರಣ ಕುಟುಂಬದ ಕಾರಿಗೆ ದಕ್ಕಿತು.

ಅನಂತರದ ಕಸಿಗಳನ್ನು ಡೀಸೆಲ್ಲಿನ ಅಗ್ಗದ ಬೆಲೆ ಮಾಡಿಸಿತು. 1990ರ ದಶಕದಲ್ಲಿ ಪದ್ಮಿನಿಗೂ ಇಟಲಿ ಮೂಲದ ಸುಮಾರು 1.4 ಲೀಟರಿನ ಡೀಸೆಲ್ ಎಂಜಿನ್ ಬಂತು. ಅದೇ ದಶಕದಲ್ಲಿ ಕಲ್ಯಾಣದ ಕಾರ್ಖಾನೆಯಲ್ಲಿ ಪ್ರೀಮಿಯರ್ ಕಂಪೆನಿ ಫ್ರಾನ್ಸಿನ ಪ್ಯೂಜೋದೊಡನೆ ಸೇರಿ 309 ಕಾರನ್ನು ತಯಾರಿಸಿತು. ಕೆಲವೇ ವರ್ಷಗಳಲ್ಲಿ, ಕಾರ್ಮಿಕರ ಮುಷ್ಕರವನ್ನೂ ಪಾಲುದಾರಿಕೆಯ ಬಿರುಕನ್ನೂ ಕಂಡು ಆ ಸಾಹಸ ಮುಗಿಯಿತು. ಆದರೆ ಪ್ಯೂಜೋದ 1527 ಸಿಸಿಯ ಡೀಸೆಲ್ ಎಂಜಿನ್ ಮುಗಿಯಲಿಲ್ಲ. ಅದು ಮಾರುತಿ ಕಂಪೆನಿಯ ಝೆನ್, ಎಸ್ಟೀಮ್ ಕಾರುಗಳ ಒಡಲನ್ನು ಸೇರಿ ಓಡುತ್ತಲೇ ಇತ್ತು.

ಕಾರ್ಖಾನೆ ಮಾಡಿದ್ದನ್ನು ಬೀದಿಯ ಮೆಕ್ಯಾನಿಕ್ಕರೂ ಮಾಡಿದರು. ಚೈನ್ ಪುಲಿಯಿಂದ ಎಂಜಿನ್ನನ್ನು ಎತ್ತಿ, ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಿ, ಲೇತಿನಲ್ಲಿ ಅಡಾಪ್ಟರ್ ಪ್ಲೇಟ್ ಕಡೆಸಿ, ಎರಡು ಬೇರೆ ಬೇರೆ ದೇಶಗಳ ಲೋಹವನ್ನು ಒಂದು ಮಾಡಿದ ಕೈಗಳಿಗೆ ಪುಸ್ತಕದ ಆಧಾರವಿರಲಿಲ್ಲ. ಎಲ್ಲ ಕಸಿಗಳೂ ಸುರಕ್ಷಿತವಾಗಿದ್ದವೆಂದು ಹೇಳಲಾಗದು. ಬ್ರೇಕು ಬದಲಿಸದೆ ಎಂಜಿನ್ ಬದಲಿಸಿದವನು ತನ್ನ ಜೀವವನ್ನಷ್ಟೇ ಅಲ್ಲ, ರಸ್ತೆಯ ಇತರರ ಜೀವವನ್ನೂ ಪಣಕ್ಕಿಟ್ಟಂತೆ. ಆದ್ದರಿಂದಲೇ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಸ್ವಾರಸ್ಯವೆಂದರೆ, ಅದೇ ಕಲಮು ಅನ್ಯ ಇಂಧನಕ್ಕೆ, ವಿದ್ಯುತ್ತಿಗೂ ಸಹ, ಷರತ್ತುಗಳೊಡನೆ ಪರಿವರ್ತಿಸಲು ಎಡೆಕೊಡುತ್ತದೆ. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸುವಂತಿಲ್ಲ. ಎಂಜಿನ್ನನ್ನೇ ತೆಗೆದು ಬ್ಯಾಟರಿ ಕೂರಿಸಬಹುದು.

ಸುರಕ್ಷತೆಯ ಈ ಕಾಯಿದೆಯೊಡನೆ ನಮಗೆ ತಕರಾರಿಲ್ಲ. ತಕರಾರಿರುವುದು ‘ಮೂಲ’ ಎಂಬ ಮಾತನ್ನು ಇತಿಹಾಸಕ್ಕೂ ಹಾಗೆಯೇ ಅನ್ವಯಿಸುವಲ್ಲಿ. 2021ರ ಜುಲೈಯಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ, ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನಕ್ಕೆ ಮಾತ್ರ ವಿಂಟೇಜ್ ಮನ್ನಣೆ. ಅರಮನೆಯ ಲಾಯದಲ್ಲಿ ಓಡದೆ ನಿಂತ ಕಾರು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ದುಡಿದು, ಸವೆದು, ಎಂಜಿನ್ ಬದಲಿಸಿಕೊಂಡು ಮತ್ತೆ ದುಡಿದ ಕಾರು ಸೋಲುತ್ತದೆ. ಈ ದೇಶದ ಮಧ್ಯಮ ವರ್ಗವೂ ಮೆಕ್ಯಾನಿಕ್ಕರೂ ಕೊರತೆಯೊಡನೆ ನಡೆಸಿದ ಸೆಣಸಾಟದ ಸಾಕ್ಷಿ ಯಾವುದರಲ್ಲಿ ಹೆಚ್ಚಿದೆಯೆಂದು ಓದುಗರೇ ಯೋಚಿಸಲಿ.

ನಮ್ಮ ನಾಡಿನ ದೇಗುಲಗಳಿಗೆ ಜೀರ್ಣೋದ್ಧಾರ ಹೊಸತಲ್ಲ. ಮಂಟಪ ಕಟ್ಟಿಸಿದವನೂ, ಬಿದ್ದ ಗೋಡೆ ಎತ್ತಿಸಿದವನೂ ತನ್ನ ಕಾಲ, ಹೆಸರು, ಕೊಟ್ಟ ದಾನಗಳನ್ನು ಕಲ್ಲಿನಲ್ಲಿ ಬರೆಸಿದ. ಆ ಶಾಸನಗಳಿಂದಾಗಿಯೇ ಇಂದು ನಮಗೆ ಇತಿಹಾಸವಿದೆ. ಬದಲಾದ ಎಂಜಿನ್ನಿನ ಸಂಖ್ಯೆ, ಬದಲಿಸಿದ ಕಾಲ, ಕಾರಣ, ಬದಲಿಸಿದ ಕೈ, ಇಷ್ಟನ್ನು ದಾಖಲಿಸಿಟ್ಟರೆ ಅದೂ ಶಾಸನವೇ. ರಸ್ತೆಗಿಳಿಯಲು ಅನುಮತಿ ಕೊಡುವುದು ಬಿಡುವುದು ಸಾರಿಗೆ ಇಲಾಖೆಗೆ ಸೇರಿದ್ದು. ದಾಖಲಿಸುವುದು ನಮಗೆ ಸೇರಿದ್ದು.

ಮುಂಬಯಿಯಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ 20 ವರ್ಷಗಳ ಅವಧಿ ಮುಗಿಸಿ ರಸ್ತೆ ಬಿಟ್ಟಿತು. ಕುರ್ಲಾದ, ಕಲ್ಯಾಣದ ಆ ಕಾರ್ಖಾನೆಗಳಲ್ಲಿ ದುಡಿದವರು, ಅವುಗಳ ಕಾರುಗಳನ್ನು ಬಿಚ್ಚಿ ಜೋಡಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಲೋಹಕ್ಕಿಂತ ಮೊದಲು ಮರೆಯಾಗುವುದು ಅವರ ನೆನಪು. ಈ ಪ್ರದೇಶದ ಕನ್ನಡ ಬರಹಗಾರರು ಅವರಲ್ಲಿ ಒಬ್ಬೊಬ್ಬರನ್ನಾದರೂ ಕೂರಿಸಿಕೊಂಡು ಕೇಳಿ ಬರೆದಿಡುವುದಾದರೆ, ವಿಶ್ವೇಶ್ವರಯ್ಯನವರ ಕನಸಿನಿಂದ ಮೊದಲಾದ ಈ ಕಥೆಗೆ ಕನ್ನಡದಲ್ಲಿಯೇ ಒಂದು ಪೂರ್ಣ ಅಧ್ಯಾಯ ದೊರೆತೀತು.