ನೆಲ ಬಿಡದ ಗಾಲಿ

ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂದೆ ಪಯಣಿಸಿದ ಯಾರಿಗೂ ಆ ಸರಪಳಿ ಹೊಸದಲ್ಲ. ಲಾರಿಯ ಅಡಿಯಿಂದ ಇಳಿಬಿದ್ದು, ಡಾಂಬರನ್ನು ಸವರುತ್ತ, ಗುಂಡಿ ಬಂದಲ್ಲಿ ಚಿಮ್ಮುತ್ತ ಸಾಗುವ ಕಬ್ಬಿಣದ ಕೊಂಡಿಗಳ ಸಾಲು ಅದು. ಓಡುವ ಲಾರಿಯ ಮೈಮೇಲೆ ಕೂಡುವ ವಿದ್ಯುತ್ತು ನೆಲಕ್ಕೆ ಇಳಿದುಹೋಗಲಿ ಎಂದು ಕಟ್ಟಿದ್ದು. ಅದೇ ಸರಪಳಿಯ ತೆಳು ರೂಪವೊಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಹೊತ್ತು ಓಡಾಡುವ ಟ್ರಾಲಿಗಳ ಅಡಿಯಲ್ಲೂ ತೂಗುತ್ತದೆ. ಒಂದು ಕಡೆ ಸಾವಿರಾರು ಲೀಟರ್ ಇಂಧನ, ಇನ್ನೊಂದು ಕಡೆ ಉಗುರಿನಗಲದ ಚಿಪ್. ಎರಡರ ನಡುವೆ ಇರುವುದು ವಂಶದ ನಂಟು. ಚಲಿಸುವ ಸಲಕರಣೆಗೆ ಅರ್ಥಿಂಗ್ ಕೊಡುವ ವಿದ್ಯೆಯನ್ನು ಎಲೆಕ್ಟ್ರಾನಿಕ್ಸ್ ಉದ್ಯಮ ತಾನೇ ಹುಟ್ಟಿಸಲಿಲ್ಲ. ಬೆಂಕಿಗೆ ಅಂಜಿ ಬದುಕಿದ ಕಸುಬುಗಳಿಂದ ಪಡೆದುಕೊಂಡಿತು. ಪಡೆದದ್ದಕ್ಕೆ ಅದು ತನ್ನದೆಂದು ಸೇರಿಸಿದ್ದು ಅಳತೆಯ ಶಿಸ್ತನ್ನು. ನೆಲಕ್ಕೆ ಕಟ್ಟಿದ್ದೇವೆ ಎಂಬ ನೆಮ್ಮದಿಯ ಜಾಗದಲ್ಲಿ, ಆ ಕಟ್ಟು ಈ ಗಳಿಗೆಯಲ್ಲೂ ಗಟ್ಟಿಯಿದೆಯೇ ಎಂಬ ಪ್ರಶ್ನೆಯನ್ನು ಅದು ತಂದು ನಿಲ್ಲಿಸಿತು. ಈ ಕಸುಬಿನ ಚರಿತ್ರೆಯ ತಿರುಳು ಆ ಪ್ರಶ್ನೆಯಲ್ಲಿದೆ ಎಂಬುದು ನನ್ನ ವಾದ.

ಕಥೆಯ ಮೊದಲ ಹೊಳಹು ಸಿಕ್ಕಿದ್ದು ರೇಷ್ಮೆ ದಾರದಲ್ಲಿ. 1729ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಸ್ಟೀಫನ್ ಗ್ರೇ ಮತ್ತು ಗ್ರ್ಯಾನ್‌ವಿಲ್ ವೀಲರ್ ಎಂಬಿಬ್ಬರು ಗಾಜಿನ ಕೊಳವೆಯನ್ನು ಉಜ್ಜಿ, ಅದರ ವಿದ್ಯುತ್ ಗುಣವನ್ನು ನಾರಿನ ಹುರಿಯ ಮೂಲಕ ದೂರಕ್ಕೆ ಸಾಗಿಸಲು ಯತ್ನಿಸುತ್ತಿದ್ದರು. ಹುರಿಯನ್ನು ರೇಷ್ಮೆ ದಾರಗಳಿಂದ ತೂಗುಹಾಕಿದಾಗ ಪ್ರಯೋಗ ಕೈಗೂಡಿತು. ಭಾರ ತಾಳದೆ ರೇಷ್ಮೆ ಹರಿದಾಗ, ಹೆಚ್ಚು ಗಟ್ಟಿಯೆಂದು ಹಿತ್ತಾಳೆಯ ತಂತಿ ಕಟ್ಟಿದರು. ವಿದ್ಯುತ್ತು ಹುರಿಯ ತುದಿಯನ್ನು ಮುಟ್ಟಲೇ ಇಲ್ಲ. ತಂತಿಯೂ ತೆಳ್ಳಗಿತ್ತು, ದಾರವೂ ತೆಳ್ಳಗಿತ್ತು. ಬೇರೆಯಾಗಿದ್ದದ್ದು ದ್ರವ್ಯ ಮಾತ್ರ. ವಾಹಕ, ಅವಾಹಕ ಎಂದು ಇಂದು ಶಾಲೆಯ ಮಕ್ಕಳು ಓದುವ ವಿಂಗಡಣೆ ಹುಟ್ಟಿದ್ದು ಈ ಸೋಲಿನಿಂದ. ಒಂದು ವಸ್ತುವಿನ ಮೇಲೆ ಕೂಡಿದ ವಿದ್ಯುತ್ತು, ಅಂದರೆ ಆವೇಶ, ಉಳಿಯುವುದೋ ಸೋರುವುದೋ ಎಂಬುದು ಅದನ್ನು ಹೊತ್ತಿರುವ ಆಧಾರದ ಮೇಲೆ ನಿಂತಿದೆ. ಮರುವರ್ಷ ಗ್ರೇ ಒಬ್ಬ ಬಾಲಕನನ್ನು ಅವಾಹಕ ಹಗ್ಗಗಳಲ್ಲಿ ಅಡ್ಡಡ್ಡ ತೂಗುಹಾಕಿ ಅವನ ಮೈಗೆ ವಿದ್ಯುತ್ತೇರಿಸಿದಾಗ, ಹಗುರಾದ ಚೂರುಗಳು ಹಾರಿ ಬಂದು ಅವನಿಗೆ ಅಂಟಿಕೊಂಡವು. ರಬ್ಬರ್ ಗಾಲಿಯ ಮೇಲೆ ನಿಂತ ಲೋಹದ ಟ್ರಾಲಿ, ವಿದ್ಯುತ್ತಿನ ಕಣ್ಣಿಗೆ, ಹಗ್ಗದಲ್ಲಿ ತೂಗುಬಿದ್ದ ಆ ಬಾಲಕನೇ.

ಗಾಲಿಗೆ ರಬ್ಬರ್ ಬಂದಮೇಲೆ ಈ ಸಮಸ್ಯೆ ರಸ್ತೆಗಿಳಿಯಿತು. ಕಬ್ಬಿಣದ ಪಟ್ಟಿಯ ಚಕ್ರ ನೆಲವನ್ನು ಸದಾ ಮುಟ್ಟಿಕೊಂಡೇ ಇರುತ್ತಿತ್ತು. ರಬ್ಬರ್ ಟೈರು ರಸ್ತೆಗೆ ಒತ್ತಿ ಬಿಡಿಸಿಕೊಳ್ಳುವ ಪ್ರತಿ ಸುತ್ತಿನಲ್ಲೂ ಆವೇಶ ಹುಟ್ಟಿಸುತ್ತ, ಹುಟ್ಟಿದ್ದನ್ನು ಇಳಿಯಲೂ ಬಿಡದೆ ಹಿಡಿದಿಡತೊಡಗಿತು. ಅದರ ಜೊತೆಗೆ, ಕೊಳವೆಯಲ್ಲಿ ಹರಿಯುವ ಪೆಟ್ರೋಲೂ ತನ್ನಷ್ಟಕ್ಕೆ ಆವೇಶ ಪಡೆಯುವ ದ್ರವ. ಇಂಧನದ ಲಾರಿಗಳಿಗೆ ಸರಪಳಿ ಬಂದದ್ದು ಹೀಗೆ. ಕಣ್ಣಿಗೆ ಕಾಣುವ, ಕಡಿಮೆ ಖರ್ಚಿನ ಪರಿಹಾರವಾದ್ದರಿಂದ ಅದು ಬೇಗ ಜನಪ್ರಿಯವಾಯಿತು. ಅದರ ದೋಷವೂ ಅಲ್ಲೇ ಇತ್ತು. ಒಣ ಡಾಂಬರು ಒಳ್ಳೆಯ ವಾಹಕವಲ್ಲ, ಕುಪ್ಪಳಿಸುವ ಕೊಂಡಿ ನೆಲವನ್ನು ಸದಾ ಮುಟ್ಟುವುದಿಲ್ಲ, ಕೊಂಡಿ ಕೊಂಡಿಗಳ ನಡುವೆ ತುಕ್ಕು ಕೂತರೆ ದಾರಿ ಅಲ್ಲೇ ಕಡಿಯುತ್ತದೆ. ಇಂದು ಡಿಪೋದಲ್ಲಿ ಇಂಧನ ತುಂಬುವಾಗ ನಿಜವಾಗಿ ಕಾಯುವುದು ಲಾರಿ ನಿಂತಮೇಲೆ ಅದರ ಮೈಗೆ ಕಚ್ಚಿಸುವ ಅರ್ಥಿಂಗ್ ತಂತಿ. ಓಡುವಾಗ ಕಾಯ್ದದ್ದು ಬಹುಮಟ್ಟಿಗೆ ಟೈರಿನೊಳಗಿನ ಕಾಡಿಗೆಯಂಥ ಇಂಗಾಲದ ಪುಡಿ. ಸವೆತ ತಡೆಯಲೆಂದು ಬೆರೆಸಿದ ಆ ಪುಡಿ ರಬ್ಬರನ್ನು ಒಂದಿಷ್ಟು ವಾಹಕವನ್ನಾಗಿಯೂ ಮಾಡಿತು. 1990ರ ದಶಕದಲ್ಲಿ ಇಂಧನ ಉಳಿತಾಯಕ್ಕಾಗಿ ಇಂಗಾಲದ ಬಹುಪಾಲನ್ನು ತೆಗೆದು ಸಿಲಿಕಾ ಬೆರೆಸಿದಾಗ, ಆವೇಶ ಮತ್ತೆ ಕಾಡಿತು. ಟೈರಿನ ನಡುವೆ ವಾಹಕ ರಬ್ಬರಿನ ತೆಳುಪಟ್ಟಿಯೊಂದನ್ನು ಬೇಕೆಂದೇ ಹಾಯಿಸಬೇಕಾಯಿತು. ಯಾರೂ ಉದ್ದೇಶಿಸದೆ ಒದಗಿದ ರಕ್ಷಣೆ ಯಾರೂ ಗಮನಿಸದೆ ಕೈತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಈ ವಿದ್ಯೆಗೆ ಶಾಸ್ತ್ರದ ರೂಪ ಬಂದದ್ದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ. 1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆ ಬಳಕೆಗೆ ಬಂತು. 1923ರಲ್ಲಿ ಎಥಿಲೀನ್, 1930ರ ದಶಕದಲ್ಲಿ ಸೈಕ್ಲೋಪ್ರೊಪೇನ್ ಬಂದವು. ಮೂರೂ ಹೊತ್ತಿಕೊಳ್ಳುವಂಥವು, ಆಮ್ಲಜನಕದೊಂದಿಗೆ ಬೆರೆತರೆ ಸ್ಫೋಟಿಸುವಂಥವು. ದಾದಿ ಉಣ್ಣೆಯ ಹೊದಿಕೆ ಸರಿಸಿದರೆ, ಅರಿವಳಿಕೆಯ ಯಂತ್ರವನ್ನು ತಳ್ಳಿದರೆ, ಹುಟ್ಟುವ ಸಣ್ಣ ಕಿಡಿಯೇ ಸಾಕಿತ್ತು. ಸ್ಫೋಟ ರೋಗಿಯ ಶ್ವಾಸಕೋಶದೊಳಕ್ಕೇ ನುಗ್ಗಿದ ದುರಂತಗಳು ನಡೆದವು. ಯಂತ್ರಕ್ಕೆ ಸರಪಳಿ ಕಟ್ಟುವುದರಿಂದ ಶುರುವಾದ ಎಚ್ಚರಿಕೆ ಕ್ರಮೇಣ ಇಡೀ ಕೊಠಡಿಯನ್ನು ಆವರಿಸಿತು: ಇಂಗಾಲ ಬೆರೆಸಿದ ಕಪ್ಪು ರಬ್ಬರಿನ ಗಾಲಿಗಳು, ಕೊಳವೆಗಳು, ವಾಹಕ ನೆಲ, ವಾಹಕ ಪಾದರಕ್ಷೆ. ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆ ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಯ ನೆಲದ ರೋಧ 10 ಲಕ್ಷ ಓಮ್ ಮೀರಬಾರದು, 25,000 ಓಮ್‌ಗಿಂತ ಇಳಿಯಲೂ ಬಾರದು ಎಂದು ವಿಧಿಸಿತು. ಮೇಲಿನ ಮಿತಿ ಆವೇಶ ನಿಲ್ಲದಿರಲೆಂದು; ಕೆಳಗಿನ ಮಿತಿ, ಕೆಟ್ಟ ಉಪಕರಣದಿಂದ ಮನೆವಿದ್ಯುತ್ತು ಸೋರಿದರೆ ನೆಲದ ಮೇಲೆ ನಿಂತವರ ಮೈಯಲ್ಲಿ ಅಪಾಯದ ಪ್ರವಾಹ ಹರಿಯದಿರಲೆಂದು. ಒಳ್ಳೆಯ ಅರ್ಥಿಂಗ್ ಎಂದರೆ ಆದಷ್ಟು ಕಡಿಮೆ ರೋಧ ಎಂಬ ಸರಳ ಎಣಿಕೆಯನ್ನು ಈ ಎರಡು ಅಂಕಿಗಳು ಮುರಿದವು. ಹೊತ್ತಿಕೊಳ್ಳದ ಹ್ಯಾಲೋಥೇನ್ 1956ರಿಂದ ಬಳಕೆಗೆ ಬಂದಮೇಲೆ ಆಸ್ಪತ್ರೆಗಳಲ್ಲಿ ಆ ಭಯ ಕ್ರಮೇಣ ಕರಗಿತು. ಆದರೆ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಬೇಕೆನಿಸಿದ ದಿನ ವಾಹಕ ಗಾಲಿ, ನೆಲ, ಪಾದರಕ್ಷೆ ಮೂರೂ ಆಗಲೇ ತಯಾರಿದ್ದವು.

ಲೋಹವನ್ನು ನೆಲಕ್ಕೆ ಕಟ್ಟಿದರೆ ಕೆಲಸ ಮುಗಿಯಿತೆಂಬ ನಂಬಿಕೆಗೆ ಇನ್ನೊಂದು ದೊಡ್ಡ ಪೆಟ್ಟು ಬಿದ್ದದ್ದು ಸಮುದ್ರದ ಮೇಲೆ. 1969ರ ಡಿಸೆಂಬರ್ ತಿಂಗಳೊಂದರಲ್ಲೇ ಮಾರ್ಪೆಸ್ಸಾ, ಮಾಕ್ಟ್ರಾ, ಕಾಂಗ್ ಹಾಕಾನ್ 7 ಎಂಬ ಮೂರು ದೈತ್ಯ ತೈಲ ಹಡಗುಗಳು ಸ್ಫೋಟಗೊಂಡವು. ಮೊದಲನೆಯದು ಮುಳುಗಿಯೇ ಹೋಯಿತು. ಮೂರರಲ್ಲೂ ಖಾಲಿ ತೊಟ್ಟಿಗಳನ್ನು ರಭಸದ ನೀರಿನಿಂದ ತೊಳೆಯುವ ಕೆಲಸ ನಡೆದಿತ್ತು. ಉಪ್ಪುನೀರಿನಲ್ಲಿ ತೇಲುವ ಉಕ್ಕಿನ ಹಡಗಿಗಿಂತ ಒಳ್ಳೆಯ ಅರ್ಥಿಂಗ್ ಇನ್ನಾವುದಕ್ಕಿದ್ದೀತು? ಆದರೆ ತನಿಖೆ ಬೊಟ್ಟುಮಾಡಿದ್ದು ತೊಟ್ಟಿಯೊಳಗೆ ಎದ್ದ ಮಂಜಿನಂಥ ತುಂತುರಿನತ್ತ. ಆವೇಶ ಇದ್ದದ್ದು ಗಾಳಿಯಲ್ಲಿ ತೇಲುವ ಆ ಹನಿಗಳಲ್ಲಿ; ಅದಕ್ಕೆ ಹಡಗಿನ ಲೋಹದವರೆಗೆ ನಡೆದು ಬರುವ ದಾರಿಯೇ ಇರಲಿಲ್ಲ. ತೊಟ್ಟಿಗಳಿಗೆ ಹೊತ್ತಿಕೊಳ್ಳದ ಅನಿಲ ತುಂಬುವ ಪದ್ಧತಿ ಬೇರೂರಿದ್ದು ಇದರ ನಂತರ. ಅರ್ಥಿಂಗ್ ತನಗೆ ಸೇರಿಕೊಂಡ ವಾಹಕವನ್ನು ಮಾತ್ರ ಕಾಯುತ್ತದೆ, ಬೇರ್ಪಟ್ಟು ನಿಂತದ್ದನ್ನು ಕಾಯಲಾರದು. ಕಾರ್ಖಾನೆಯ ಟ್ರಾಲಿ ನೆಲ ಮುಟ್ಟಿದ್ದರೂ ಅದರ ಮೇಲಿನ ಪ್ಲಾಸ್ಟಿಕ್ ಡಬ್ಬಿ ತನ್ನ ಆವೇಶವನ್ನು ಹಾಗೇ ಹಿಡಿದುಕೊಂಡಿರುತ್ತದೆ. ಅಯಾನುಗಳನ್ನು ಊದಿ ಅದನ್ನು ತಣಿಸುವ ಯಂತ್ರ ಬೇಕಾಗುವುದು ಅದಕ್ಕೇ.

ಇಷ್ಟು ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಉದ್ಯಮದ ಬಾಗಿಲಿಗೂ ಈ ಶತ್ರು ಬಂದಿತ್ತು, ಸದ್ದಿಲ್ಲದೆ. ಬೆಲ್ ಪ್ರಯೋಗಾಲಯದಲ್ಲಿ ಅಟಲ್ಲಾ ಮತ್ತು ಕಾಂಗ್ ರೂಪಿಸಿ 1960ರಲ್ಲಿ ಪ್ರಕಟಿಸಿದ ಮಾಸ್ (ಲೋಹ-ಆಕ್ಸೈಡ್-ಅರೆವಾಹಕ) ಟ್ರಾನ್ಸಿಸ್ಟರಿನ ಜೀವ ಇರುವುದು ಅದರ ಗೇಟಿನ ಅಡಿಯ ಆಕ್ಸೈಡ್ ಪದರದಲ್ಲಿ. ಆರಂಭದ ವರ್ಷಗಳಲ್ಲಿ ಆ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್. ಒಂದು ನ್ಯಾನೋಮೀಟರಿಗೆ ಸುಮಾರು ಒಂದು ವೋಲ್ಟ್ ಎಂಬುದು ಆ ದ್ರವ್ಯದ ತಾಳಿಕೆಯ ಅಂಚು. ಅಂದರೆ ನೂರರ ಆಸುಪಾಸಿನ ವೋಲ್ಟುಗಳಿಗೆ ಅದು ತೂತು ಬೀಳುತ್ತದೆ. ಬೆರಳ ತುದಿಯಲ್ಲಿ ಚುರುಕ್ಕೆನ್ನುವ ಕಿಡಿಯನ್ನು ಮನುಷ್ಯ ಅರಿಯುವುದು ಸುಮಾರು 3,000 ವೋಲ್ಟಿನಿಂದ ಮೇಲೆ. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲೇ ಈ ಉದ್ಯಮದ ಸಂಕಟವೆಲ್ಲ ಅಡಗಿದೆ: ನೋವಿಲ್ಲ, ಬೆಳಕಿಲ್ಲ, ಸದ್ದಿಲ್ಲ, ಆದರೂ ಚಿಪ್ ಸತ್ತಿರುತ್ತದೆ. ಕಾಲುಗಳನ್ನೆಲ್ಲ ಒಟ್ಟಿಗೆ ಬಿಗಿದ ಲೋಹದ ಸುರುಳಿಯೊಂದಿಗೆ ಟ್ರಾನ್ಸಿಸ್ಟರುಗಳು ಮಾರಾಟಕ್ಕೆ ಬಂದದ್ದು, ಚಿಪ್‌ಗಳನ್ನು ಕಪ್ಪು ವಾಹಕ ಸ್ಪಂಜಿಗೆ ಚುಚ್ಚಿ ಕಳಿಸಿದ್ದು ಈ ಕಾಲದಲ್ಲೇ. ಮಾಡಿದ ತಪ್ಪಿಗೆ ಪೆಟ್ರೋಲ್, ಈಥರ್ ಅಲ್ಲೇ ಶಿಕ್ಷೆ ಕೊಡುತ್ತಿದ್ದವು. ಹಾಗಾಗಿ ಅಲ್ಲಿ ಭಯವೇ ಮೇಲ್ವಿಚಾರಕ. ಇಲ್ಲಿ ತಪ್ಪು ನಡೆದ ಜಾಗಕ್ಕೂ ಅದು ಗೊತ್ತಾಗುವ ಜಾಗಕ್ಕೂ ವಾರಗಳ, ಊರುಗಳ ಅಂತರ. ಭಯ ಕೆಲಸ ಮಾಡದ ಕಡೆ ಮೀಟರು ಆ ಕೆಲಸಕ್ಕೆ ನಿಲ್ಲಬೇಕಾಯಿತು. 1979ರಲ್ಲಿ ಅಮೆರಿಕದಲ್ಲಿ ಈ ವಿಷಯಕ್ಕೆಂದೇ ಮೊದಲ ವಿಚಾರಗೋಷ್ಠಿ ನಡೆಯಿತು, 1980ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಮಾನಕವನ್ನು ಹೊರಡಿಸಿತು, 1982ರಲ್ಲಿ ಇಎಸ್‌ಡಿ (ಸ್ಥಾಯೀವಿದ್ಯುತ್ ವಿಸರ್ಜನೆ) ಅಸೋಸಿಯೇಷನ್ ಸ್ಥಾಪನೆಯಾಯಿತು, 1999ರಲ್ಲಿ ಎಸ್20.20 ಎಂಬ ಮಾನಕ ಬಂತು.

ಆ ಮಾನಕದ ಹಾದಿಯಲ್ಲಿ ಇಂದು ಟ್ರಾಲಿಯ ತಟ್ಟೆಯಿಂದ ನೆಲದವರೆಗಿನ ರೋಧಕ್ಕೆ ಹಾಕಿರುವ ಮಿತಿ 100 ಕೋಟಿ ಓಮ್. ಮನೆಯ ವೈರಿಂಗ್ ಬಲ್ಲವರಿಗೆ ಇದು ಅರ್ಥಿಂಗ್ ಎಂದೇ ಅನಿಸಲಿಕ್ಕಿಲ್ಲ. ಆದರೆ ಲೆಕ್ಕ ಸರಳ. 100 ಪಿಕೋಫ್ಯಾರಡ್ ಧಾರಕತೆಯ ಟ್ರಾಲಿಯ ಆವೇಶ ಇಷ್ಟು ರೋಧದ ಮೂಲಕ ಇಳಿಯುವ ಕಾಲಮಾನ ಸೆಕೆಂಡಿನ ಹತ್ತನೇ ಒಂದು ಭಾಗ. ಅರ್ಧ ಸೆಕೆಂಡಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರಿದಾಗುತ್ತದೆ. ಆವೇಶ ಏರಿದ ಬೋರ್ಡನ್ನು ಬರಿಯ ಲೋಹದ ಮೇಲಿಟ್ಟರೆ ಆ ಆವೇಶ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ಹಾರಿ, ಆ ರಭಸವೇ ಚಿಪ್ಪನ್ನು ಸುಡುತ್ತದೆ. ಆದ್ದರಿಂದ ತಟ್ಟೆಯ ಮೇಲ್ಮೈ ನಿಧಾನವಾಗಿ ಇಳಿಸುವಂಥದಾಗಿರಬೇಕು. ಆಸ್ಪತ್ರೆ ಕಲಿಸಿದ ಎರಡು ಮಿತಿಗಳ ಪಾಠ ಇಲ್ಲಿ ಹೊಸ ಕಾರಣದೊಂದಿಗೆ ಮರಳಿತು. ಕಷ್ಟ ಇರುವುದು ನಡುವಿನ ದಾರಿಯಲ್ಲಿ. ತಟ್ಟೆ ಮತ್ತು ಚೌಕಟ್ಟಿನ ನಡುವೆ ಬಣ್ಣದ ಪದರ, ಅನೊಡೈಸ್ ಮಾಡಿದ ಅಲ್ಯೂಮಿನಿಯಮ್ಮಿನ ಅವಾಹಕ ಸಿಪ್ಪೆ, ಗಾಲಿಗೆ ಸುತ್ತಿಕೊಂಡ ಧೂಳು, ನೆಲಕ್ಕೆ ಬಳಿದ ಮೇಣ: ಯಾವುದೊಂದು ಅಡ್ಡ ಬಂದರೂ ದಾರಿ ಮುಗಿಯಿತು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬೇರಿಂಗ್. ನಿಂತಾಗ ಅದರ ಗುಂಡುಗಳು ಲೋಹಕ್ಕೆ ಲೋಹ ತಾಗಿರುತ್ತವೆ, ಮೀಟರು ಸರಿಯೆನ್ನುತ್ತದೆ. ತಿರುಗತೊಡಗಿದರೆ ಎಣ್ಣೆಯ ತೆಳುಪೊರೆ ನಡುವೆ ನುಸುಳಿ ಸಂಪರ್ಕವನ್ನು ಕಡಿದು ಕಡಿದು ಕೂಡಿಸುತ್ತದೆ. ಹೀಗಾಗಿ ಚಲಿಸುವುದನ್ನು ಚಲಿಸುತ್ತಿರುವಾಗಲೇ ಅಳೆಯಬೇಕು; ರೋಬೋ ತೋಳಿನ ಕೀಲುಗಳಿಗೆ ವಾಹಕ ಗ್ರೀಸ್, ಉಜ್ಜುವ ಬ್ರಷ್ ಅಥವಾ ಬಳುಕುವ ತಂತಿಯ ಬದಲಿ ದಾರಿ ಕೊಡಬೇಕು.

ಇಷ್ಟೆಲ್ಲ ಏಕೆ, ಇಂದಿನ ಚಿಪ್‌ಗಳ ಒಳಗೇ ರಕ್ಷಣಾ ಸರ್ಕ್ಯೂಟ್ ಇದೆಯಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಇದೆ, ನಿಜ. ಆದರೆ ಆ ರಕ್ಷಣೆ ಸಾಗಿಬಂದ ದಿಕ್ಕನ್ನು ಗಮನಿಸಬೇಕು. ವೇಗ ಹೆಚ್ಚಿದಂತೆ, ಟ್ರಾನ್ಸಿಸ್ಟರುಗಳು ಕುಗ್ಗಿದಂತೆ ಅದಕ್ಕೆ ಜಾಗವೂ ಕಡಿಮೆಯಾಯಿತು. ಚಿಪ್ ತಯಾರಕರ ಮಂಡಳಿಯೊಂದು ಮನುಷ್ಯಸ್ಪರ್ಶದ ಪರೀಕ್ಷೆಯ ಗುರಿಯನ್ನು 2,000 ವೋಲ್ಟಿನಿಂದ 1,000ಕ್ಕೂ, ಚಿಪ್ ತಾನೇ ಆವೇಶಗೊಂಡು ಸಿಡಿಯುವ ಪರೀಕ್ಷೆಯ ಗುರಿಯನ್ನು 500 ವೋಲ್ಟಿನಿಂದ 250ಕ್ಕೂ ಇಳಿಸಬಹುದೆಂದು ಶಿಫಾರಸು ಮಾಡಿತು. ಅದಕ್ಕೆ ಕೊಟ್ಟ ಆಧಾರ, ಕಾರ್ಖಾನೆಗಳು ಈಗ ಆವೇಶವನ್ನು ಹತೋಟಿಯಲ್ಲಿಟ್ಟಿವೆ ಎಂಬುದು. ಅಂದರೆ ಚಿಪ್ ತನ್ನ ಕವಚವನ್ನು ಕಳಚಿದ್ದು ನೆಲದ ಮೇಲಿನ ನಂಬಿಕೆಯಿಂದ. ಆ ಕವಚವನ್ನೇ ನೆಚ್ಚಿ ನೆಲವನ್ನು ಮರೆತರೆ ಎರಡೂ ಕೈಬಿಡುತ್ತವೆ. ಯಂತ್ರಗಳೇ ಕೆಲಸ ಮಾಡುವ ಕಾರ್ಖಾನೆಯಲ್ಲಿ ಮನುಷ್ಯನ ಮೈವಿದ್ಯುತ್ತಿನ ಚಿಂತೆ ಇಲ್ಲ ಎನ್ನುವವರಿದ್ದಾರೆ. ಮನುಷ್ಯ ಹೋದಮೇಲೆ ಉಳಿದದ್ದು ಬರೀ ಚಲನೆ: ಜಾರುವ ಚಿಪ್, ಉರುಳುವ ಪಟ್ಟಿ, ಬೀಸುವ ತೋಳು. ಪ್ಲಾಸ್ಟಿಕ್ ಕೊಳವೆಯಲ್ಲಿ ಜಾರಿ ಬಂದ ಚಿಪ್ ಲೋಹ ಮುಟ್ಟಿದ ಕ್ಷಣವೇ ಸಿಡಿಯಬಲ್ಲದು. ಅದನ್ನು ಕಾಯಲು ಕೆಲಸಗಾರರನ್ನು ನೆಲಕ್ಕೆ ಕಟ್ಟುವ ಮಣಿಕಟ್ಟಿನ ಪಟ್ಟಿ ನೆರವಾಗದು. ಗಾಳಿಯಲ್ಲಿ ತೇವ ಇಟ್ಟರೆ ಸಾಕೆಂಬ ಮೂರನೆಯ ಮಾತಿನಲ್ಲೂ ಅರ್ಧ ಸತ್ಯವಿದೆ. ತೇವ ಆವೇಶದ ಹುಟ್ಟನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಒಣಹವೆಯ ಒಂದು ಮಧ್ಯಾಹ್ನ ಅಥವಾ ಕೆಟ್ಟ ಏಸಿ ಅದನ್ನು ಕಸಿದುಕೊಳ್ಳಬಹುದು.

ಈ ಚರಿತ್ರೆ ಕನ್ನಡ ನಾಡಿಗೆ ಹೊರಗಿನದಾಗಿ ಉಳಿದಿಲ್ಲ. 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸಿನ ಬಿಇಎಲ್ ಬೆಂಗಳೂರಿನಲ್ಲಿ ನೆಲೆಯೂರಿದವು. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರಲ್ಲಿ ಆಕಾಶಕ್ಕೇರಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಮೊಬೈಲ್ ಫೋನುಗಳ ಜೋಡಣೆ ನಡೆಯುತ್ತದೆ. ಚಿಪ್ಪಿನ ವಿನ್ಯಾಸಕಾರರ ಹೆಸರು ಊರೆಲ್ಲ ಕೇಳುತ್ತದೆ. ಪಾಳಿಯ ಮೊದಲಲ್ಲಿ ಟ್ರಾಲಿಯ ಗಾಲಿ ಒರೆಸಿ, ಮೀಟರಿನ ಎರಡು ತುದಿ ಒತ್ತಿ ಅಂಕಿ ಬರೆದುಕೊಳ್ಳುವ ಕಾರ್ಮಿಕರ ಕೆಲಸ ಮಾತ್ರ ಕಸಬರಿಗೆಯ ಲೆಕ್ಕಕ್ಕೆ ಸೇರಿಹೋಗಿದೆ. ಇದು ಅನ್ಯಾಯವೆಂದು ನಾನು ನಂಬುತ್ತೇನೆ. ಗ್ರೇಯ ಹರಿದ ರೇಷ್ಮೆಯಿಂದ, ಈಥರಿನ ಸ್ಫೋಟಗಳಿಂದ, ಮುಳುಗಿದ ಹಡಗಿನಿಂದ ಕೂಡಿಬಂದ ಅರಿವು ಕೊನೆಗೆ ಬದುಕಿರುವುದು ಆ ಕೈಗಳಲ್ಲಿ. ಹೆದ್ದಾರಿಯ ಸರಪಳಿಗೂ ಕಾರ್ಖಾನೆಯ ಸರಪಳಿಗೂ ಕಬ್ಬಿಣ ಒಂದೇ. ಆದರೆ ಹೆದ್ದಾರಿಯದನ್ನು ಕಟ್ಟಿದವರು ಅದನ್ನು ಮರೆಯಬಲ್ಲರು. ಕಾರ್ಖಾನೆಯಲ್ಲಿ ಯಾರಾದರೂ ನಾಳೆ ಬೆಳಗ್ಗೆಯೂ ಬಗ್ಗಿ, ಅದು ನೆಲ ಮುಟ್ಟಿದೆಯೇ ಎಂದು ಅಳೆದು ನೋಡಲೇಬೇಕು.